ಮುಖವಾಡ ಆಮೇಲೆ ಮಾಡಿಸು

ಮೈಸೂರು

ಚಿ. ಸೌಮ್ಯಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಮೆಸೇಜು ಓದಿದೆ. ನೀನು ಪಾಠ ಮಾಡುವ ನ್ಯೂಜೆರ್ಸಿಯ ಒಂಬತ್ತನೇ ಕ್ಲಾಸಿಗೆ ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸನ ‘ಆಂಟಿಗೊನೆ’, ಆರು ವಾರ ಟೈಮು, ಇಪ್ಪತ್ತೆರಡು ಮಕ್ಕಳು. ಮುಖವಾಡ, ರಂಗಮಂದಿರದ ಮಾಡೆಲ್ಲು, ಪೋಸ್ಟರು, ಇನ್‌ಸ್ಟಾಗ್ರಾಮ್ ಪುಟ ಅಂತ ಪ್ರಾಜೆಕ್ಟುಗಳ ಪಟ್ಟಿಯನ್ನೂ ಕಳಿಸಿದ್ದೀಯ. ಚೆನ್ನಾಗಿದೆ. ಆದರೆ ಅದರಲ್ಲಿ ಮುಕ್ಕಾಲು ಪಾಲನ್ನು ನಾಟಕ ಓದದೆಯೇ ಮಾಡಿ ಮುಗಿಸಬಹುದು, ಅಲ್ವಾ?

ಈ ತಪ್ಪು ನಾನೂ ಮಾಡಿದ್ದೇನೆ. ಒಂದು ವರ್ಷ ಹಳೇ ಪೇಪರು, ಮೈದಾ ಅಂಟು ತರಿಸಿ ಮುಖವಾಡ ಮಾಡಿಸಿದೆ. ಮೂರು ವಾರ ಅದಕ್ಕೇ ಹೋಯಿತು. ವಾರ್ಷಿಕೋತ್ಸವದ ದಿನ ದೊರೆ ಕ್ರಿಯಾನ್ ಆಗಿದ್ದ ಹುಡುಗ ಬಾಯಿ ಬಿಟ್ಟರೆ ಮೂರನೇ ಸಾಲಿನವರಿಗೂ ಕೇಳಲಿಲ್ಲ. ಮುಖವಾಡದ ಬಾಯಿ ಒಂದು ರೂಪಾಯಿ ನಾಣ್ಯದಷ್ಟಿತ್ತು. ಅವನ ಗರ್ಜನೆಯೆಲ್ಲ ಅವನ ಕಿವಿಗೇ ವಾಪಸು! ಮಾರನೇ ದಿನ ‘ಆಂಟಿಗೊನೆ ಮಾಡಿದ್ದಾದರೂ ಏನು?’ ಅಂತ ಕೇಳಿದೆ. ಕೈ ಎತ್ತಿದವರು ಇಬ್ಬರು. ದೊರೆ ಬೇಡ ಅಂದರೂ ಒಡಹುಟ್ಟಿದವನ ಹೆಣಕ್ಕೆ ಮಣ್ಣು ಹಾಕಿದಳು, ಇಷ್ಟೇ ಉತ್ತರ!

ಅದಕ್ಕೇ ಹೇಳುತ್ತೇನೆ, ಮೊದಲು ಮೂವರು ನಟರ ಲೆಕ್ಕ ಕೊಡು. ಆಗಿನ ಅಥೆನ್ಸಿನ ದುರಂತ ನಾಟಕಗಳಲ್ಲಿ ಮಾತಿನ ಪಾತ್ರ ಮಾಡುವವರು ಮೂರೇ ಜನ, ಮೂವರೂ ಗಂಡಸರು. ಈ ನಾಟಕದಲ್ಲಿ ಪಾತ್ರಗಳು ಎಂಟು. ‘ಯಾರಿಗೆ ಯಾವುದು, ಹಂಚಿಕೊಂಡು ಬನ್ನಿ’ ಅಂತ ಗುಂಪಿಗೊಂದು ಚಾರ್ಟ್ ಪೇಪರು ಕೊಟ್ಟುಬಿಡು. ಯಾರು ಯಾವಾಗ ಬರುತ್ತಾರೆ, ಯಾವಾಗ ಒಳಗೆ ಹೋಗುತ್ತಾರೆ ಅಂತ ಪುಸ್ತಕವನ್ನು ಮತ್ತೆ ಮತ್ತೆ ತಿರುವಿ ಹಾಕದೆ ಇದು ಬಗೆಹರಿಯುವುದಿಲ್ಲ. ಕ್ರಿಯಾನ್‌ಗೆ ಒಬ್ಬ ಪೂರ್ತಿ ಬೇಕು, ಅವನು ರಂಗ ಬಿಟ್ಟು ಕದಲುವುದೇ ಕಡಿಮೆ. ಹೆಣ ಕಾಯುವ ಕಾವಲುಗಾರ ಎರಡನೇ ಸಲ ಬಂದು ಹೊರಟುಹೋದ ಮೇಲೆ ಆಂಟಿಗೊನೆಯ ಸೋದರಿ ಇಸ್ಮೀನೆ ಬರುತ್ತಾಳೆ, ಆ ಎರಡಕ್ಕೂ ಒಬ್ಬನೇ ಸಾಕು. ಆಂಟಿಗೊನೆಯನ್ನು ಒಳಗೆ ಕರೆದೊಯ್ದ ಮೇಲೆ ಕ್ರಿಯಾನ್‌ನ ಮಗ ಹೀಮನ್ ಬರುತ್ತಾನೆ. ಅವನು ಹೋದ ಮೇಲೆ ಮತ್ತೆ ಅವಳು. ನೋಡು, ಮದುವೆ ಗೊತ್ತಾದ ಈ ಇಬ್ಬರೂ ರಂಗದ ಮೇಲೆ ಒಮ್ಮೆಯೂ ಎದುರುಬದುರಾಗುವುದಿಲ್ಲ! ಯಾವಳೋ ಒಬ್ಬಳು ಹುಡುಗಿ ಇದನ್ನು ಹಿಡಿದು, ‘ಮಿಸ್, ಇಬ್ಬರನ್ನೂ ಒಬ್ಬನೇ ಮಾಡಬಹುದಲ್ಲಾ’ ಅನ್ನುತ್ತಾಳೆ. ಆಗ ಮುಖವಾಡ ಯಾಕೆ ಬೇಕಿತ್ತು ಅಂತ ನೀನು ಪಾಠ ಮಾಡಬೇಕಾಗಿಲ್ಲ. ಅಂಟು, ಕತ್ತರಿ ಹೊರಗೆ ತೆಗೆ. ಬಾಯಿ ಮಾತ್ರ ಅಗಲವಾಗಿ ಕತ್ತರಿಸಲಿ. ಆ ಕಾಲದ ನಟರ ಮುಖವಾಡ ಒಂದೂ ಉಳಿದಿಲ್ಲ, ಮಡಕೆಗಳ ಮೇಲಿನ ಚಿತ್ರ ನೋಡಿ ಊಹಿಸುವುದು ಅಷ್ಟೆ. ಹಾಗಾಗಿ ಬಣ್ಣ ಸರಿಯಿಲ್ಲ ಅಂತ ಮಾರ್ಕ್ಸ್ ಕಳೆಯಬೇಡ.

ಇನ್ನು ಮೇಳ, ಅಂದರೆ ಒಟ್ಟಾಗಿ ಹಾಡುವ ಗುಂಪು. ಸೊಫೊಕ್ಲಿಸನ ಮೇಳದಲ್ಲಿ 15 ಜನ. ಒಬ್ಬರೇ ನಿಂತು ಮಾತಾಡಲು ನಾಚುವ ಮಕ್ಕಳೆಲ್ಲ ಇಲ್ಲಿರಲಿ. ನಮ್ಮ ಯಕ್ಷಗಾನದ ಭಾಗವತರ ಹಾಗೆ ಅಂತ ಮಾತ್ರ ಅಂದುಕೊಳ್ಳಬೇಡ. ಭಾಗವತರು ಆಟ ನಡೆಸುತ್ತಾರೆ. ಇವರು ಕಥೆ ನಡೆಯುವ ಥೀಬ್ಸ್ ಊರಿನ ಹಿರಿಯರು, ದೊರೆಗೆ ಹೆದರುವವರು. ಅವರ ಒಂದು ಹಾಡು ಶುರುವಾಗುವುದೇ ಲೋಕದಲ್ಲಿ ‘ದೈನಾ’ ಆದದ್ದು ಬಹಳ ಇದೆ, ಮನುಷ್ಯನಷ್ಟು ಯಾವುದೂ ಇಲ್ಲ ಅಂತ. ಆ ಗ್ರೀಕ್ ಪದಕ್ಕೆ ಅದ್ಭುತ ಅಂತಲೂ ಅರ್ಥ, ಭೀಕರ ಅಂತಲೂ ಅರ್ಥ. ಇಂಗ್ಲಿಷಿನವರು ಇದಕ್ಕೆ ಒಂದೇ ಪದ ಸಿಗದೆ ಒದ್ದಾಡುತ್ತಾರೆ. ನಮ್ಮಲ್ಲಿ ‘ಭಯಂಕರ ಬುದ್ಧಿವಂತ’ ಅನ್ನುವುದಿಲ್ವಾ? ಅದೇ. ಆ ಸಾಲನ್ನು 15 ಮಕ್ಕಳೂ ಒಂದೇ ಉಸಿರಿಗೆ ಹೇಳಲಿ. ಒಮ್ಮೆ ಬೆರಗಿನಿಂದ, ಇನ್ನೊಮ್ಮೆ ಹೆದರಿಕೆಯಿಂದ. ಒಂದು ಪೂರ್ತಿ ಪೀರಿಯಡ್ ಇದಕ್ಕೇ ಹೋದರೂ ಹೋಗಲಿ. ಭಯಂಕರ ಅನ್ನುವ ಪದವನ್ನೂ ಕಲಿಸಿಬಿಡು, ಆ ಮಕ್ಕಳಿಗೆ ಖುಷಿಯಾಗುತ್ತೆ.

ಮಾಡೆಲ್ಲು ಬೇಕಾದವರು ಮನೆಯಲ್ಲಿ ಮಾಡಿಕೊಂಡು ಬರಲಿ. ಇನ್‌ಸ್ಟಾಗ್ರಾಮ್ ಬೇಡವೇ ಬೇಡ. ಒಡಹುಟ್ಟಿದವನ ಹೆಣಕ್ಕೆ ಒಂದು ಹಿಡಿ ಮಣ್ಣು ಹಾಕಲು ಹೊರಟವಳ ಸೆಲ್ಫಿ ನೋಡೋಕೆ ನನ್ನ ಕೈಲಾಗಲ್ಲ. ಕಥೆಯನ್ನು ಈ ಕಾಲಕ್ಕೆ ತರುವುದು ಕೊನೇ ವಾರಕ್ಕಿರಲಿ. ಬಿ.ಎಂ.ಶ್ರೀ. 1929ರಲ್ಲಿ ಸೊಫೊಕ್ಲಿಸನ ಇನ್ನೊಂದು ನಾಟಕದ ವೀರ ಏಜಾಕ್ಸನನ್ನು ಅಶ್ವತ್ಥಾಮನನ್ನಾಗಿ ಮಾಡಿದರಲ್ಲ, ಮೂಲವನ್ನು ಅರೆದು ಕುಡಿದವರ ಕೆಲಸ ಅದು.

ಮಾರ್ಕ್ಸ್ ಕಮ್ಮಿ ಬಂತು ಅಂತ ಯಾರಾದರೂ ಮುಖ ಊದಿಸಿಕೊಂಡರೆ ಸೊಫೊಕ್ಲಿಸನ ಕಾಲದ ಇನ್ನೊಬ್ಬ ನಾಟಕಕಾರ ಯೂರಿಪಿಡಿಸನ ವಿಷಯ ಹೇಳು. ಕ್ರಿ.ಪೂ. 431ರಲ್ಲಿ ಅವನು ಇವತ್ತಿಗೂ ಹೆಸರುವಾಸಿಯಾದ ‘ಮೀಡಿಯಾ’ ನಾಟಕ ಆಡಿಸಿದಾಗ ಸ್ಪರ್ಧೆಯಲ್ಲಿದ್ದವರು ಮೂವರು. ಅವನಿಗೆ ಬಂದದ್ದು ಮೂರನೇ ಸ್ಥಾನ.

ಕಾವಲುಗಾರನ ಪಾತ್ರ ನಿನ್ನ ಕ್ಲಾಸಿನ ದೊಡ್ಡ ತರಲೆಗೇ ಕೊಡು. ಯಾರೋ ಹೆಣಕ್ಕೆ ಮಣ್ಣು ಹಾಕಿದ್ದಾರೆ ಅಂತ ದೊರೆಗೆ ಹೇಳಬೇಕು. ಯಾರು ಹೋಗುವುದು? ಚೀಟಿ ಎತ್ತಿದ ಹಾಗೆ ಎತ್ತುತ್ತಾರೆ, ಇವನ ಪಾಲಿಗೆ ಬರುತ್ತದೆ. ದಾರಿಯುದ್ದಕ್ಕೂ ನಿಂತು ನಿಂತು, ವಾಪಸು ಹೋಗಿಬಿಡಲಾ ಅಂತ ಯೋಚಿಸುತ್ತಾ ಬಂದೆ ಅಂತ ಅವನೇ ಹೇಳುತ್ತಾನೆ. ಪ್ರಿನ್ಸಿಪಾಲರ ರೂಮಿಗೆ ನಡೆದು ಗೊತ್ತಿರುವ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವನು ಮಾಡುವ ದಿನ ವಿಡಿಯೋ ಕಳಿಸು. ನಿಮ್ಮ ದೊಡ್ಡಪ್ಪ ಈಗಲೇ ಕೇಳುತ್ತಿದ್ದಾರೆ.

ಇತಿ,
ನಿನ್ನ ದೊಡ್ಡಮ್ಮ