ಬಾಣಂತನಕ್ಕೆ ಗ್ಯಾಸ್ ಗೀಸರ್ ಹಾಕಿಸುವ ಮುಂಚೆ

ಮಂಡ್ಯ

ಚಿ. ಸೌ. ಸಹನಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಬಾತ್‌ರೂಮಿನ ಫೋಟೋ ನೋಡಿದೆ. ಟೈಲ್ಸ್ ಚೆನ್ನಾಗಿ ಬಂದಿದೆ. ಕಿಟಕಿಯ ಗಾಜಿನ ಪಟ್ಟಿಗಳನ್ನು ತೆಗೆಸಿ ಒಂದೇ ಗಾಜು ಕೂರಿಸಿದ್ದೀರಿ, ಬಾಣಂತಿಗೆ ಥಂಡಿ ಗಾಳಿ ತಾಗಬಾರದು ಅಂತ. ನಿಮ್ಮಮ್ಮನ ಐಡಿಯಾ ಅದು, ನನಗೆ ಗೊತ್ತು. ಅದರ ಪಕ್ಕದ ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಗ್ಯಾಸ್ ಗೀಸರ್ ಇಲ್ಲಿ ಬರುತ್ತದೆ ಅಂತ ಬರೆದಿದ್ದೀಯ. ಆ ಗುರುತನ್ನು ಅಳಿಸಿಬಿಡು ಮಗಳೇ. ಗ್ಯಾಸ್ ಗೀಸರೇ ಬೇಡ ಅಂತ ನಾನು ಹೇಳುತ್ತಿಲ್ಲ. ಬಾತ್‌ರೂಮಿನ ಒಳಗೆ ಬೇಡ. ಫೋನಿನಲ್ಲಿ ಹೇಳಿದರೆ ಅರ್ಧ ಮಾತು ಗಾಳಿಗೆ ಹೋಗುತ್ತದೆ. ಅಳಿಯಂದಿರೂ ಕೂತು ಓದಲಿ ಅಂತ ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಸಣ್ಣ ಗೀಸರ್ ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುತ್ತದೆ. ಒಂದು ಗಂಟೆ ಪೂರ್ತಿ ಉರಿದರೆ ಸುಮಾರು 800 ಗ್ರಾಂ ಗ್ಯಾಸ್ ಬೇಕು. ಅಂದರೆ ಹತ್ತು ನಿಮಿಷಕ್ಕೆ 130 ಗ್ರಾಂ. ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಆದರೆ ಆ 130 ಗ್ರಾಂ ಸರಿಯಾಗಿ ಉರಿಯಲು 1,700 ಲೀಟರಿನಷ್ಟು ಗಾಳಿ ಬೇಕು. ನಿಮ್ಮ ಬಾತ್‌ರೂಮು ಐದಡಿಗೆ ಎಂಟಡಿ, ಎತ್ತರ ಒಂಬತ್ತಡಿ. ಅದರಲ್ಲಿ ಇರುವುದೇ ಸುಮಾರು 10,000 ಲೀಟರ್ ಗಾಳಿ. ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿದ್ದರೆ ಒಬ್ಬರ ಸ್ನಾನ ಮುಗಿಯುವಷ್ಟರಲ್ಲಿ 21 ಪರ್ಸೆಂಟ್ ಇದ್ದ ಆಮ್ಲಜನಕ 17ರ ಹತ್ತಿರ ಇಳಿಯುತ್ತದೆ. ಎರಡನೆಯವರು ಅದೇ ಗಾಳಿಯಲ್ಲಿ ಸ್ನಾನಕ್ಕೆ ಇಳಿಯುತ್ತಾರೆ.

ನಿಮ್ಮಣ್ಣ ಅಮೆರಿಕದ ಮನೆಯ ವಿಡಿಯೋ ಕಳಿಸಿದ್ದನಲ್ಲ, ಹಾಲಿನಲ್ಲಿ ಗ್ಯಾಸಿನ ಬೆಂಕಿಗೂಡು, ಮೇಲೆ ಹೊಗೆಕೊಳವೆಯೇ ಇಲ್ಲ. ಅವರಿಗೆ ಹೊಗೆಕೊಳವೆ ಬೇಡವಾದರೆ ನಮಗೆ ಯಾಕೆ ಬೇಕು ಅಂತ ನೀನು ಕೇಳಿದ್ದೆ. ಅಂಥ ಬೆಂಕಿಗೂಡಿನಲ್ಲಿ ಆಮ್ಲಜನಕ ನೋಡಿಕೊಳ್ಳುವ ಒಂದು ಸೆನ್ಸರ್ ಇರುತ್ತದೆ. ಕೋಣೆಯ ಆಮ್ಲಜನಕ 18 ಪರ್ಸೆಂಟಿನ ಆಸುಪಾಸಿಗೆ ಇಳಿದರೆ ತಾನಾಗಿ ಗ್ಯಾಸ್ ನಿಲ್ಲಿಸುತ್ತದೆ. ನಿಮ್ಮ ಬಾತ್‌ರೂಮು ಹತ್ತು ನಿಮಿಷದಲ್ಲಿ ದಾಟುವ ಗೆರೆ ಅದು. ಅಲ್ಲಿ ಇನ್ನೂ ನಿಯಮಗಳಿವೆ. ಕೋಣೆಯ ಅಳತೆಗೆ ತಕ್ಕಷ್ಟೇ ಉರಿ ಇರಬೇಕು, ಮಲಗುವ ಕೋಣೆಗೆ ತೀರಾ ಸಣ್ಣದು, ಬಾತ್‌ರೂಮಿಗೆ ಅದಕ್ಕಿಂತ ಸಣ್ಣದು. ಅಷ್ಟಾದರೂ ಕ್ಯಾಲಿಫೋರ್ನಿಯಾದವರು ಮನೆಯೊಳಗೆ ಅದನ್ನು ಬಿಟ್ಟುಕೊಂಡಿಲ್ಲ. ದೊಡ್ಡ ಹಾಲಿನಲ್ಲಿ ಇರುವ ಬೆಂಕಿಗೇ ಇಷ್ಟು ಕಟ್ಟುಪಾಡು ಇರುವಾಗ, ಚಿಲಕ ಹಾಕಿಕೊಂಡು ಒಬ್ಬರೇ ಇರುವ ಬಚ್ಚಲಿಗೆ ಇನ್ನೆಷ್ಟು ಇರಬೇಕು ಹೇಳು.

ಆಮ್ಲಜನಕ ಕಡಿಮೆಯಾದಾಗ ಗ್ಯಾಸ್ ಅರೆಬರೆ ಉರಿಯುತ್ತದೆ. ಆಗ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್. ಸಿಲಿಂಡರ್ ಗ್ಯಾಸ್ ಸೋರಿದರೆ ನಾಲ್ಕು ಮನೆಗೆ ವಾಸನೆ ಬರುತ್ತದೆ, ಯಾಕೆಂದರೆ ಆ ವಾಸನೆಯನ್ನು ಬೇಕೆಂದೇ ಸೇರಿಸಿರುತ್ತಾರೆ. ಇದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ಇದು ಹೋಗಿ ಕೂರುತ್ತದೆ, ಅದರ ಇನ್ನೂರು ಪಟ್ಟಿಗಿಂತ ಜಾಸ್ತಿ ಬಿಗಿಯಾಗಿ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಕಾಲಲ್ಲಿ ಬಲ ಇರುವುದಿಲ್ಲ. ಏನೋ ಆಗುತ್ತಿದೆ ಅಂತ ಗೊತ್ತಾಗುವ ಹೊತ್ತಿಗೆ ಚಿಲಕ ತೆಗೆಯಲು ಕೈ ಬರುವುದಿಲ್ಲ.

ನಾನು ಎಮರ್ಜೆನ್ಸಿ ವಾರ್ಡಿನಲ್ಲಿ ನರ್ಸ್ ಆಗಿದ್ದಾಗ ಚಳಿಗಾಲದ ಬೆಳಿಗ್ಗೆ ಇಂಥವರು ಬರುತ್ತಿದ್ದರು. ಒಬ್ಬ ಹುಡುಗಿ ನೆನಪಿದ್ದಾಳೆ. ಹೊಸದಾಗಿ ಮದುವೆಯಾದವಳು. ಕೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು, ಒಂದು ಕಿವಿಯ ಹಿಂದೆ ಸೀಗೆಪುಡಿ ಹಾಗೇ ಅಂಟಿಕೊಂಡಿತ್ತು. ಮೇಲೆ ಬೆಡ್‌ಶೀಟ್ ಸುತ್ತಿ ಎತ್ತಿಕೊಂಡು ಬಂದಿದ್ದರು. ಉಪವಾಸ ಇದ್ದಳು, ಲೋ ಬಿಪಿ ಆಗಿ ಬಿದ್ದಿರಬೇಕು ಅಂದರು ಅತ್ತೆ. ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 98 ತೋರಿಸಿತು. ಮನೆಯಲ್ಲಿ ಅದನ್ನು ಇಟ್ಟುಕೊಂಡವರು ತುಂಬಾ ಜನ ಇದ್ದಾರೆ, ಅದಕ್ಕೇ ಒತ್ತಿ ಹೇಳುತ್ತೇನೆ: ಆ ಯಂತ್ರಕ್ಕೆ ಆಮ್ಲಜನಕಕ್ಕೂ ಈ ವಿಷಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡನ್ನೂ ಕೂಡಿಸಿ ಎಲ್ಲ ಚೆನ್ನಾಗಿದೆ ಅಂತ ತೋರಿಸುತ್ತದೆ. ನಮಗೆ ಸುಳಿವು ಕೊಟ್ಟಿದ್ದು ಬಾಗಿಲು ಒಡೆದ ಗಂಡ. ಅವನು ಗೋಡೆಗೆ ಒರಗಿಕೊಂಡು, ನನಗೂ ತಲೆ ಸಿಡಿಯುತ್ತಿದೆ ಸಿಸ್ಟರ್, ಅಂದ. ಡಾಕ್ಟರು ತಕ್ಷಣ, ಮನೆಯಲ್ಲಿ ಗ್ಯಾಸ್ ಗೀಸರ್ ಇದೆಯಾ ಅಂತ ಕೇಳಿದರು. ಪೂರ್ತಿ ಆಕ್ಸಿಜನ್ ಮಾಸ್ಕ್ ಹಾಕಿದೆವು. ಹುಡುಗಿ ಬದುಕಿದಳು. ಆದರೆ ಕೆಲವು ವಾರ ಕಳೆದ ಮೇಲೆ ಮರೆವು, ಮಂಕು ಶುರುವಾಗಿ ಮತ್ತೆ ಕರೆದುಕೊಂಡು ಬಂದರು. ಈ ವಿಷ ಹೀಗೆ ತಡವಾಗಿಯೂ ಕಾಡುತ್ತದೆ.

ನೀನು ಬಸುರಿ. ಹೊಟ್ಟೆಯಲ್ಲಿರುವ ಮಗುವಿನ ರಕ್ತ ಈ ಗ್ಯಾಸನ್ನು ತಾಯಿಯ ರಕ್ತಕ್ಕಿಂತ ಹೆಚ್ಚು ಹಿಡಿದುಕೊಳ್ಳುತ್ತದೆ, ಬಿಡುವುದೂ ನಿಧಾನ. ಅಮ್ಮನಿಗೆ ಬರೀ ತಲೆನೋವು ಅನ್ನುವಷ್ಟರಲ್ಲಿ ಮಗುವಿಗೆ ಪೆಟ್ಟು ಬಿದ್ದಿರಬಹುದು. ಆದ್ದರಿಂದ ಇದು ಹೆರಿಗೆ ಆದಮೇಲೆ ನೋಡೋಣ ಅನ್ನುವ ವಿಷಯ ಅಲ್ಲ.

ಇನ್ನು ಬಾಣಂತಿ ಸ್ನಾನ. ನಿಮ್ಮಮ್ಮ ಹೇಗೆ ಮಾಡಿಸುತ್ತಾಳೆ ಅಂತ ನಾನು ನೋಡಿದ್ದೇನೆ. ಮೈಗೆಲ್ಲ ಎಣ್ಣೆ ತಿಕ್ಕಿ, ಸುಡು ಸುಡು ನೀರು ಬಿಂದಿಗೆ ಬಿಂದಿಗೆ ಹುಯ್ಯುತ್ತಾಳೆ. ಮುಕ್ಕಾಲು ಗಂಟೆಗೆ ಕಮ್ಮಿ ಇಲ್ಲ. ಆಮೇಲೆ ಅದೇ ಬಚ್ಚಲಲ್ಲಿ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಮತ್ತೊಂದು ಸ್ನಾನ. ಒಳಗೆ ಮೂರು ಜೀವ, ಬಾಗಿಲು ಮುಚ್ಚಿದೆ, ಕಿಟಕಿಗೆ ಗಾಜು. ಅಲ್ಲಿ ಗೀಸರ್ ಉರಿಯುತ್ತಾ ಇರುವುದನ್ನು ನೆನೆಸಿಕೊಂಡರೆ ನನಗೆ ನಿದ್ದೆ ಬರುವುದಿಲ್ಲ. ನಮ್ಮ ಅಜ್ಜಿ ಹೀಗೇ ಮಾಡುತ್ತಿದ್ದರು ಅಂತ ಅವಳು ವಾದ ಮಾಡುತ್ತಾಳೆ. ನಮ್ಮೂರ ಮನೆಯಲ್ಲಿ ಹಂಡೆ ಒಲೆಗೆ ಕಬ್ಬಿನ ಸೋಗೆ, ತೆಂಗಿನ ಮಟ್ಟೆ ಹಾಕಿ ನೀರು ಕಾಯಿಸುತ್ತಿದ್ದದ್ದು ನಿಜ. ಆದರೆ ಮೇಲೆ ಹೆಂಚು, ನಡುವೆ ಗವಾಕ್ಷಿ, ಬಾಗಿಲಿನ ಕೆಳಗೆ ಒಂದು ಗೇಣು ಸಂದು. ಹೊಗೆ ಕಣ್ಣಿಗೆ ಹತ್ತಿದರೆ ಎದ್ದು ಹೊರಗೆ ಬರುತ್ತಿದ್ದರು. ಈಗಿನದು ಮೋಲ್ಡಿಂಗ್ ಮನೆ, ಗಾಳಿಗೆ ದಾರಿಯೇ ಇಲ್ಲ.

ಅಗ್ಗಿಷ್ಟಿಕೆಯ ವಿಷಯವೂ ಅಷ್ಟೇ. ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟು, ಮಗುವಿಗೆ ಸಾಂಬ್ರಾಣಿ ಹಾಕಿ, ಬಾಗಿಲು ಎಳೆದುಕೊಂಡು ಮಲಗುವುದು ಬೇಡ. ಹೊಗೆಯಾಡದ ಇದ್ದಿಲ ಕೆಂಡ ನೋಡಲು ಸಾಧು, ಆದರೆ ಇದೇ ಮಾನಾಕ್ಸೈಡನ್ನು ಸುಮ್ನೆ ಬಿಡುತ್ತಾ ಇರುತ್ತದೆ. ಸಾಂಬ್ರಾಣಿಯ ಶಾಸ್ತ್ರ ಬೇಕೇ ಬೇಕು ಅಂದರೆ ಬಾಗಿಲು ತೆಗೆದು ಒಂದು ಗಳಿಗೆ ಮಾಡಲಿ, ಕೆಂಡವನ್ನು ಕೂಡಲೇ ಅಂಗಳಕ್ಕೆ ತೆಗೆದುಕೊಂಡು ಹೋಗಲಿ. ನಿಮ್ಮಮ್ಮನಿಗೆ ನಾನೇ ಹೇಳುತ್ತೇನೆ.

ಈಗ ಏನು ಮಾಡಬೇಕು ಅಂತ ಹೇಳುತ್ತೇನೆ ಕೇಳು. ನಿಮ್ಮ ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ ಯುಟಿಲಿಟಿ ಇದೆಯಲ್ಲ, ಒಂದು ಕಡೆ ಬರೀ ಗ್ರಿಲ್ ಇರುವುದು. ಗೀಸರ್ ಅಲ್ಲಿ ಗೋಡೆಗೆ ಹಾಕಿಸು. ಬಿಸಿನೀರಿನ ಪೈಪು ಮಾತ್ರ ಬಾತ್‌ರೂಮಿಗೆ ಬರಲಿ. ಮೊದಲ ಅರ್ಧ ಬಕೆಟ್ ತಣ್ಣೀರು ಬರುತ್ತದೆ, ಅಷ್ಟೇ ನಷ್ಟ. ಆಗ ಬಾತ್‌ರೂಮಿನ ಕಿಟಕಿಯನ್ನು ನಿಮ್ಮಮ್ಮ ಎಷ್ಟು ಭದ್ರವಾಗಿ ಬೇಕಾದರೂ ಮುಚ್ಚಿಕೊಳ್ಳಲಿ, ನಾನು ಒಂದು ಮಾತೂ ಆಡುವುದಿಲ್ಲ. ಗೀಸರಿನ ಮೇಲುಭಾಗದಿಂದ ಬರುವ ಬಿಸಿಗಾಳಿ ಯಾವ ಕಿಟಕಿಯಿಂದಲೂ ಒಳಗೆ ನುಗ್ಗದ ಜಾಗ ನೋಡಿ. ಮಳೆ ಎರಚಲು, ಜೋರು ಗಾಳಿ ನೇರವಾಗಿ ಹೊಡೆಯಬಾರದು. ಮಳೆಗಾಲದಲ್ಲಿ ಆ ಗ್ರಿಲ್‌ಗೆ ಪ್ಲಾಸ್ಟಿಕ್ ಶೀಟು ಕಟ್ಟಬೇಡಿ. ಕಟ್ಟಿದರೆ ಅದೂ ಮುಚ್ಚಿದ ಕೋಣೆಯೇ ಆಗುತ್ತದೆ.

ಪ್ಲಂಬರ್ ಎರಡು ಮಾತು ಹೇಳಬಹುದು. ಒಂದು, ಒಳಗೇ ಹಾಕಿ ಎಗ್ಸಾಸ್ಟ್ ಫ್ಯಾನ್ ಕೂರಿಸೋಣ ಅಂತ. ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಗೀಸರ್ ನಿಲ್ಲುವುದಿಲ್ಲ, ಅದು ಓಡುವುದು ಸೆಲ್ ಮೇಲೆ. ಹೊಸ ಗಾಳಿ ಒಳಗೆ ಬರಲು ದಾರಿ ಇಲ್ಲದಿದ್ದರೆ ಫ್ಯಾನ್ ತಿರುಗಿಯೂ ಅಷ್ಟಾಗಿ ಪ್ರಯೋಜನ ಇಲ್ಲ. ಇನ್ನೊಂದು, ಇದರಲ್ಲಿ ಇಪ್ಪತ್ತು ನಿಮಿಷಕ್ಕೆ ಆಟೋ ಕಟ್ ಇದೆ ಮೇಡಂ ಅಂತ. ಮೇಲಿನ ಲೆಕ್ಕ ಅವನಿಗೆ ತೋರಿಸು. ಹತ್ತು ನಿಮಿಷಕ್ಕೇ ಗಾಳಿ ಕೆಡುವ ಕಡೆ ಇಪ್ಪತ್ತು ನಿಮಿಷದ ಟೈಮರ್ ಏನು ಕಾಪಾಡುತ್ತದೆ?

ಅಡುಗೆಮನೆ ಸಿಲಿಂಡರಿನಿಂದ ಪೈಪು ಕವಲೊಡೆಯುವ ಟೀ ಜಾಯಿಂಟ್ ಹಾಕಿ ಉದ್ದಕ್ಕೆ ರಬ್ಬರ್ ಪೈಪು ಎಳೆಯುವುದಕ್ಕೂ ಒಪ್ಪಬೇಡ. ಐಎಸ್‌ಐ ಗುರುತಿನ ಕಿತ್ತಳೆ ಬಣ್ಣದ ಪೈಪೇ ಇರಲಿ, ಒಂದೂವರೆ ಮೀಟರ್ ದಾಟಬಾರದು, ನಡುವೆ ಜಾಯಿಂಟ್ ಇರಬಾರದು, ಗೋಡೆಯೊಳಗೆ ತೂರಿಸಬಾರದು. ಮೇಲೆ ತಾರೀಖು ಅಚ್ಚಾಗಿರುತ್ತದೆ, ಐದು ವರ್ಷಕ್ಕೆ ಬದಲಿಸಬೇಕು. ದೂರ ಜಾಸ್ತಿ ಇದ್ದರೆ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಕರೆಸಿ ತಾಮ್ರದ ಲೈನ್ ಮಾಡಿಸಿ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಮೋರಿ, ಚೇಂಬರ್, ಸಂಪಿನ ಮುಚ್ಚಳದ ಪಕ್ಕ ಇಡಬಾರದು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ಅಂತ ನಿನ್ನ ಎದುರಿಗೇ ನೋಡಲಿ. ಸೋರಿದ ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ಕಿಟಕಿ ತೆಗೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ.

ಮನೆಯಲ್ಲಿ ಬೋರ್‌ವೆಲ್ ನೀರು ಅಂದಿದ್ದೆ. ಗಡಸು ನೀರಿಗೆ ಒಳಗಿನ ಕೊಳವೆಯಲ್ಲಿ ಉಪ್ಪು ಕಟ್ಟುತ್ತದೆ, ಹೊರಗೆ ಮಸಿ ಕೂರುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಸರ್ವಿಸ್ ಮಾಡಿಸಿ. ಉರಿ ಹಳದಿಯಾದರೆ, ಮೇಲಿನ ಕಂಡಿಗಳ ಸುತ್ತ ಕಪ್ಪಾದರೆ ಅವತ್ತೇ ನಿಲ್ಲಿಸಿ. ಉರಿ ನೀಲಿ ಇದೆ ಅಂದ ಮಾತ್ರಕ್ಕೆ ಗಾಳಿ ಚೆನ್ನಾಗಿದೆ ಅಂತಲೂ ಅಲ್ಲ.

ಒಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ತರಿಸಿ, ಆನ್‌ಲೈನಿನಲ್ಲಿ ಸಿಗುತ್ತದೆ. ಹೆಸರು ನೋಡಿ ತೆಗೆದುಕೊಳ್ಳಿ. ಗ್ಯಾಸ್ ಲೀಕ್ ಡಿಟೆಕ್ಟರ್ ಅಂತ ಮಾರುವುದು ಬೇರೆ, ಅದು ಸಿಲಿಂಡರ್ ಗ್ಯಾಸಿಗೆ ಕೂಗುತ್ತದೆಯೇ ಹೊರತು ಇದಕ್ಕಲ್ಲ. ಅದನ್ನು ನೆಲದ ಹತ್ತಿರ ಹಾಕಬೇಕು. ಮಾನಾಕ್ಸೈಡ್ ಅಲಾರಂ ಅನ್ನು ನೀನೂ ಮಗುವೂ ಮಲಗುವ ಕೋಣೆಯಲ್ಲಿ, ತಲೆಯ ಎತ್ತರಕ್ಕೆ ಹಾಕಿಸು.

ಓನರ್ ಯುಟಿಲಿಟಿ ಗೋಡೆ ಕೊರೆಯಲು ಬಿಡದಿದ್ದರೆ ಗ್ಯಾಸ್ ಬಿಟ್ಟುಬಿಡಿ. ತಾರಸಿಯ ಮೇಲೆ ಸೋಲಾರ್ ಇದ್ದರೆ ಅದನ್ನೇ ರಿಪೇರಿ ಮಾಡಿಸಿಕೊಡಿ ಅಂತ ಅವರನ್ನು ಕೇಳಿ. ಇಲ್ಲದಿದ್ದರೆ 25 ಲೀಟರಿನ ಕರೆಂಟ್ ಗೀಸರ್. ಅರ್ತಿಂಗ್ ಸರಿ ಇರಬೇಕು, ಕರೆಂಟ್ ಸೋರಿದರೆ ತಾನಾಗಿ ಕಟ್ ಮಾಡುವ ಆರ್‌ಸಿಸಿಬಿ ಸ್ವಿಚ್ ಇರಬೇಕು, ನೀರು ಕಾದಮೇಲೆ ಸ್ವಿಚ್ ಆರಿಸಿಯೇ ಒಳಗೆ ಹೋಗಬೇಕು. ಬಿಲ್ ಸ್ವಲ್ಪ ಜಾಸ್ತಿ ಬರುತ್ತದೆ, ಬರಲಿ. ಆ ದುಡ್ಡು ನಾನು ಕೊಡುತ್ತೇನೆ.

ಒಂದು ವಿಷಯ ಅಳಿಯಂದಿರಿಗೆ. ನೀರು ತುಂಬುವ ಹಬ್ಬಕ್ಕೋ ಇನ್ನಾವುದಕ್ಕೋ ಗೀಸರ್ ಒಳಗೆ ಇರುವ ನೆಂಟರ ಮನೆಗೆ ಹೋಗುತ್ತೀರಿ. ಅಲ್ಲಿ ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋಗುತ್ತಾರೆ. ಬಾಗಿಲು ತೆಗೆದಿಟ್ಟು ಬಕೆಟ್ ತುಂಬಿಸಿಕೊಂಡು, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಚಿಲಕ ಹಾಕಿಕೊಳ್ಳಿ. ಒಳಗೆ ಹೋದವರು ಕರೆದರೆ ಓಗೊಡದಿದ್ದರೆ ಕಾಯಬೇಡಿ, ಬಾಗಿಲು ಒಡೆಯಿರಿ. ಉಸಿರು ಹಿಡಿದು ಹೋಗಿ ಅವರನ್ನು ಬಯಲಿಗೆ ಎಳೆದು ತನ್ನಿ, ಅಲ್ಲೇ ಕೂರಿಸಿ ನೀರು ಕುಡಿಸುತ್ತಾ ನಿಲ್ಲಬೇಡಿ. 108ಕ್ಕೆ ಫೋನ್ ಮಾಡಿ. ಉಸಿರಾಟ ನಿಂತಿದ್ದರೆ ಎದೆ ಒತ್ತಲು ಶುರು ಮಾಡಿ. ಎಚ್ಚರ ಬಂದು ಈಗ ಸರಿ ಇದ್ದೇನೆ ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಗ್ಯಾಸ್ ಗೀಸರ್ ಇತ್ತು ಅಂತ ಮೊದಲ ಮಾತಿಗೇ ಹೇಳಿ. ಆ ಮಾತು ಗೊತ್ತಾದರೆ ಡಾಕ್ಟರು ಆಕ್ಸಿಮೀಟರ್ ನೋಡಿ ಮೋಸ ಹೋಗುವುದಿಲ್ಲ.

ಪ್ಲಂಬರ್ ಬರುವ ದಿನ ನನಗೆ ಫೋನ್ ಮಾಡು. ಅವನ ಕೈಗೇ ಕೊಡು, ನಾನು ಮಾತಾಡುತ್ತೇನೆ. ಅಷ್ಟರವರೆಗೆ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ, ಬಿಸಿನೀರಿನ ಪಾತ್ರೆಯನ್ನು ಅಳಿಯಂದಿರು ಎತ್ತಲಿ, ನೀನು ಎತ್ತಬೇಡ. ಮುಂದಿನ ಚೆಕಪ್ ಯಾವತ್ತು ಅಂತ ತಿಳಿಸು.

ಇತಿ ನಿನ್ನ,
ದೊಡ್ಡಮ್ಮ