ಛತ್ರದ ಚರಿತ್ರೆ ಬರೆಯಹೊರಟವರಿಗೆ

ಬಸವನಗುಡಿ, ಬೆಂಗಳೂರು

ಪ್ರಿಯ ಮಿತ್ರರಿಗೆ ನಮಸ್ಕಾರ.

ಮೈಸೂರು ರಸ್ತೆಯ ಬದಿಯಲ್ಲಿ ದಾರಿಹೋಕರು ತಂಗುತ್ತಿದ್ದ ಹಳೆಯ ಛತ್ರವೊಂದರ ಬಗ್ಗೆ ನೀವು ಕಳುಹಿಸಿದ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಭಾಷೆ ಹದವಾಗಿದೆ. ಆದರೆ ಮೊದಲ ಮೂರು ಪುಟಗಳಲ್ಲಿ ಅರಸರೂ ದಿವಾನರೂ ಬಂದು ತಂಗಿ ಹೋಗುತ್ತಾರೆಯೇ ಹೊರತು, ಅಲ್ಲಿ ದಿನವೂ ಮಲಗಿ ಎದ್ದ ಬಂಡಿಯವನಾಗಲಿ ಅವನ ಎತ್ತುಗಳಾಗಲಿ ಎಲ್ಲಿಯೂ ಕಾಣುವುದಿಲ್ಲ. ಡೇರೆ, ಪರಿವಾರ ಕಟ್ಟಿಕೊಂಡು ತಿರುಗುವ ಅರಸನಿಗೆ ಛತ್ರದ ಜಗಲಿ ಏಕೆ ಬೇಕಿತ್ತು?

ನಾನಾಗಿದ್ದರೆ ಎತ್ತಿನಿಂದಲೇ ಆರಂಭಿಸುತ್ತಿದ್ದೆ. ಬೆಂಗಳೂರು ಬಿಟ್ಟರೆ ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ. ಒಂದರಿಂದ ಮತ್ತೊಂದಕ್ಕೆ ಹೆಚ್ಚುಕಡಿಮೆ 10ರಿಂದ 20 ಕಿಲೋಮೀಟರು. ಹೇರು ತುಂಬಿದ ಬಂಡಿಗೆ ಅದು ಒಂದು ದಿನದ ದಾರಿ. ಛತ್ರದ ಜಾಗವನ್ನು ಗೊತ್ತುಮಾಡುತ್ತಿದ್ದುದು ಮೊದಲು ಎತ್ತಿನ ಕಾಲು, ಆಮೇಲೆ ನೀರು. ಬಾವಿ ಅಥವಾ ಕೆರೆ, ಬಂಡಿ ಬಿಡಲು ಗುಂಡುತೋಪು ಎಂಬ ಮರಗಳ ತೋಪು, ತಲೆಹೊರೆಯವರು ಯಾರ ನೆರವಿಲ್ಲದೆ ಭಾರ ಇಳಿಸಿಕೊಳ್ಳಲು ಎದೆಯೆತ್ತರದ ಹೊರೆಗಲ್ಲು, ಇವೆಲ್ಲ ಸೇರಿದರೆ ಛತ್ರ. ನೀವು ಬರಿಯ ಕಂಬಗಳನ್ನು ಎಣಿಸಿದ್ದೀರಿ. ಬಾವಿಯ ಕಟ್ಟೆಗಲ್ಲಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳಲ್ಲಿ ಬೆರಳಿಟ್ಟು ನೋಡಿದಿರಾ? ಒಂದೊಂದು ಗೀರಿನಲ್ಲಿ ಬೆರಳು ಅರ್ಧ ಮುಳುಗುತ್ತದೆ. ಹಿಂದಿನ ಅಂಕಣದ ಗೋಡೆಯಲ್ಲಿ, ಮೂರು ಕಲ್ಲು ಹೂಡಿ ಅಡುಗೆ ಮಾಡಿಕೊಂಡ ಕಡೆಗಳಲ್ಲಿ, ಸುಣ್ಣದ ಪದರಗಳ ನಡುವೆ ಮಸಿಯ ಪದರಗಳೂ ಇರುತ್ತವೆ.

ಇನ್ನು ಹಣದ ಮಾತು. ಊಟ ಉಚಿತವೆಂದು ಬರೆದು ಮುಂದೆ ಹೋಗಿದ್ದೀರಿ. ಅಕ್ಕಿ ಯಾರದು, ದೀಪದ ಎಣ್ಣೆ ಯಾರದು? ಛತ್ರಗಳು ನಡೆಯುತ್ತಿದ್ದುದು ಹೆಚ್ಚಾಗಿ ದತ್ತಿಯಿಂದ, ಅಂದರೆ ಧರ್ಮಕ್ಕೆಂದು ಬಿಟ್ಟ ಜಮೀನಿನ ಹುಟ್ಟುವಳಿಯಿಂದ. ಬಿ. ಎಲ್. ರೈಸ್ ಅವರ ಶಾಸನಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಬೆಂಗಳೂರು ಜಿಲ್ಲೆಯ ಸಂಪುಟವನ್ನೂ (1905) ದೇವಸ್ಥಾನ, ಛತ್ರಗಳ ಉಸ್ತುವಾರಿಯ ಮುಜರಾಯಿ ಇಲಾಖೆಯ ಕಡತಗಳನ್ನೂ ಮುಂದಿಟ್ಟುಕೊಂಡು ನಿಮ್ಮ ಊರಿನ ದತ್ತಿಗಳನ್ನು ಹುಡುಕಿ. ಹೀಗೆ ಬಿಟ್ಟ ಇನಾಮು ಜಮೀನುಗಳನ್ನು ರದ್ದುಮಾಡಿದ 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಮು ರದ್ದತಿ ಕಾಯಿದೆಯ ನಂತರ ಆ ಜಮೀನು ಯಾರ ಪಾಲಾಯಿತು ಎಂಬುದೂ ನಿಮ್ಮ ಕಥೆಯೊಳಗೇ ಬರಬೇಕು. ಈಸ್ಟ್ ಇಂಡಿಯಾ ಕಂಪನಿಗಾಗಿ ಮೈಸೂರು ಸೀಮೆಯನ್ನು ಸುತ್ತಿ ನೋಡಿ ಬರೆದ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಇದೇ ದಾರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಹೋದವನು. ಅವನ ದಿನಚರಿಯನ್ನು ಓದುವಾಗ ಪ್ರತಿ ದಿನದ ನಡಿಗೆಯ ದೂರವನ್ನು ಗುರುತು ಹಾಕಿಕೊಳ್ಳಿ.

ಕಲ್ಲಿನ ಮೇಲೆ ಕೆತ್ತಿದ ಇಸವಿಯನ್ನು ಕಣ್ಣುಮುಚ್ಚಿ ನಂಬಬೇಡಿ. ನಿಮ್ಮ ವಯಸ್ಸಿನಲ್ಲಿ ನಾನು ಬಾಗಿಲವಾಡದ ಮೇಲಿನ ಇಸವಿಯನ್ನೇ ಕಟ್ಟಿದ ವರ್ಷವೆಂದು ಅಚ್ಚು ಹಾಕಿಸಿ, ಅದು ಚಾವಣಿ ರಿಪೇರಿಯ ವರ್ಷವೆಂದು ಊರಿನ ಹಿರಿಯರೊಬ್ಬರಿಂದ ಎಲ್ಲರೆದುರು ಹೇಳಿಸಿಕೊಂಡೆ. ಆ ಲೇಖನದ ಪ್ರತಿಯನ್ನು ಈಗಲೂ ಯಾರಿಗೂ ತೋರಿಸುವುದಿಲ್ಲ.

ನಿಮ್ಮ ಕೊನೆಯ ಅಧ್ಯಾಯ ಛತ್ರವು ‘ಕಾಲಗರ್ಭದಲ್ಲಿ ಲೀನವಾಯಿತು’ ಎನ್ನುತ್ತದೆ. ದಯವಿಟ್ಟು ಆ ಸಾಲನ್ನು ಹೊಡೆದುಹಾಕಿ. ಬೆಂಗಳೂರಿನಿಂದ ಹೊರಟ ರೈಲು 1882ರಲ್ಲಿ ಮೈಸೂರು ಮುಟ್ಟಿತು; ಹಲವು ರಾತ್ರಿ ದಾರಿಯಲ್ಲಿ ಕಳೆಯುತ್ತಿದ್ದವನು ಅಂದೇ ಊರು ಸೇರತೊಡಗಿದ. ತಂಗುವ ಅಗತ್ಯ ರಸ್ತೆಬದಿಯಿಂದ ಎದ್ದು ನಿಲ್ದಾಣದ ಮುಂದೆ ಬಂದು ಕುಳಿತಿತು. ಗುಬ್ಬಿಯ ವರ್ತಕ ತೋಟದಪ್ಪನವರು 1903ರಲ್ಲಿ ತಮ್ಮ ಛತ್ರವನ್ನು ತೆರೆದದ್ದು ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ, ಯಾತ್ರಿಕರಿಗೆ ತಂಗಲು ಜಾಗ, ವಿದ್ಯಾರ್ಥಿಗಳಿಗೆ ನಿಲಯ ಎರಡನ್ನೂ ಸೇರಿಸಿ. ಮೆಜೆಸ್ಟಿಕ್ಕಿನ ಗದ್ದಲದಲ್ಲಿ ಅದನ್ನು ಮತ್ತೆ ಮತ್ತೆ ದಾಟಿಹೋಗುವ ನಾವು, ‘ಛತ್ರ’ ಎಂದೊಡನೆ ಮದುವೆಯ ಊಟವನ್ನಷ್ಟೇ ನೆನೆಯುತ್ತೇವೆ. ‘ಛತ್ರ ಬುಕ್ ಆಯಿತೇ?’ ಎಂಬ ಪ್ರಶ್ನೆಯಲ್ಲಿ ದಾರಿಹೋಕನೇ ಇಲ್ಲ. ನಿಮ್ಮ ಕೊನೆಯ ಅಧ್ಯಾಯಕ್ಕೆ ವಸ್ತು ಅದೇ ಎಂದು ನನಗನಿಸುತ್ತದೆ.

ಮುಂದಿನ ಭಾನುವಾರ ಮತ್ತೊಮ್ಮೆ ಅಲ್ಲಿಗೆ ಹೋಗಿ, ಬಾವಿಯ ಗೀರುಗಳನ್ನು ಎಣಿಸಿಕೊಂಡು, ಹೊರೆಗಲ್ಲಿನ ಎತ್ತರ ಅಳೆದುಕೊಂಡು ಬನ್ನಿ. ಟೇಪು ಇಲ್ಲದಿದ್ದರೆ ನನ್ನಲ್ಲಿದೆ, ಶನಿವಾರ ಸಂಜೆ ಬಂದು ತೆಗೆದುಕೊಂಡು ಹೋಗಿ.

ಇಂತಿ ನಿಮ್ಮ ಹಿತೈಷಿ