ಬೇರೆ ರಾಜ್ಯಕ್ಕೆ ಹೊರಟಿರುವ ವಕೀಲ ಸದಸ್ಯರ ಗಮನಕ್ಕೆ

ಮಿತ್ರರೇ, ಅಮೆರಿಕದೊಳಗೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವವರೆಲ್ಲ ಬಾರ್ ಪರೀಕ್ಷೆಯನ್ನು (ವಕೀಲಿಕೆಯ ಪರವಾನಗಿ ಪರೀಕ್ಷೆ) ಮತ್ತೆ ಬರೆಯಲೇಬೇಕೆಂದಿಲ್ಲ, ಎದೆಗುಂದಬೇಡಿ.

ಯುಬಿಇ (ಹಲವು ರಾಜ್ಯಗಳು ಒಪ್ಪುವ ಏಕರೂಪದ ಬಾರ್ ಪರೀಕ್ಷೆ) ಬರೆದವರು ಮೊದಲು ಅಂಕ ವರ್ಗಾವಣೆಯ ಅವಧಿ ನೋಡಿಕೊಳ್ಳಿ. ನ್ಯೂಯಾರ್ಕ್ 266 ಅಂಕ ಕೇಳುತ್ತದೆ, ಅದೂ ಪರೀಕ್ಷೆ ಬರೆದ 3 ವರ್ಷದೊಳಗೆ ಅರ್ಜಿ ಹಾಕಿದರೆ ಮಾತ್ರ. ಒಳ್ಳೆಯ ಅಂಕವಿದ್ದೂ ಗಡುವು ತಪ್ಪಿದರೆ ಹೊಟ್ಟೆ ಉರಿಯುತ್ತದೆ.

ಅನುಭವಸ್ಥರಿಗೆ ಪರೀಕ್ಷೆಯಿಲ್ಲದ ಪ್ರವೇಶವಿದೆ. ಇದಕ್ಕೆ ನ್ಯೂಯಾರ್ಕ್ ಹಿಂದಿನ 7 ವರ್ಷಗಳಲ್ಲಿ 5 ವರ್ಷದ ವಕೀಲಿಕೆ ಕೇಳುತ್ತದೆ. ಭಾರತದ ಪದವಿಯ ಮೇಲೆ ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ) ಮಾಡಿದವರೇ, ಇಲ್ಲಿ ಎಚ್ಚರ: ಅನೇಕ ರಾಜ್ಯಗಳು ಅಮೆರಿಕದ ಜೆಡಿ (ಅಲ್ಲಿನ ಮೂಲ ಕಾನೂನು ಪದವಿ) ಪದವಿಯನ್ನೇ ಬಯಸುತ್ತವೆ.

ಕ್ಯಾಲಿಫೋರ್ನಿಯಾದಲ್ಲಿ ಪರೀಕ್ಷೆಯಿಲ್ಲದ ಈ ಪ್ರವೇಶವೇ ಇಲ್ಲ. 4 ವರ್ಷ ವಕೀಲಿಕೆ ಮಾಡಿದವರಿಗೆ ಅಲ್ಲಿ ಚಿಕ್ಕದಾದ ವಕೀಲರ ಪರೀಕ್ಷೆಯಿದೆ. ಕಂಪನಿಯ ಒಳಗಿನ ವಕೀಲರಾದರೆ ಪ್ರತ್ಯೇಕ ನೋಂದಣಿ ಸಾಕು, ಆದರೆ ಉದ್ಯೋಗದಾತರ ಕೆಲಸಕ್ಕಷ್ಟೇ.

ಒಂದೇ ಮೊಕದ್ದಮೆಗಾಗಿ ಹೋಗುವವರು ಸ್ಥಳೀಯ ವಕೀಲರ ಜೊತೆಗೂಡಿ ನ್ಯಾಯಾಲಯದ ಅನುಮತಿ ಕೋರಬಹುದು. ವಲಸೆ ಪ್ರಕರಣಗಳಿಗೆ ಯಾವುದಾದರೊಂದು ರಾಜ್ಯದ ಪರವಾನಗಿ ಸಾಕು. ಏಕೆಂದರೆ ಅದು ರಾಜ್ಯದ್ದಲ್ಲ, ಒಕ್ಕೂಟ ಸರ್ಕಾರದ ಕಾನೂನು.

ಈಗಿರುವ ಪರವಾನಗಿಯ ಶುಲ್ಕ, ನಿರಂತರ ಶಿಕ್ಷಣದ ಗಂಟೆಗಳನ್ನು ಮಾತ್ರ ಬಾಕಿ ಇಡಬೇಡಿ. ದಯವಿಟ್ಟು ಮನೆ ಹುಡುಕುವ ಮೊದಲೇ ಆ ರಾಜ್ಯದ ನಿಯಮ ಓದಿ.